ಪಬ್ಬಿನಲ್ಲಿ ಸಿಕ್ಕ ಕೋರಂ

ದಿಲ್ಲಿಯ ಮಯೂರ್ ವಿಹಾರಿನ ನಮ್ಮ ಕನ್ನಡ ಸಂಘಕ್ಕೆ ನಾನು ಕಾರ್ಯದರ್ಶಿಯಾದ ಮೇಲೆ ಒಂದಲ್ಲ ಒಂದು ಎಡವಟ್ಟು ನಡೆಯುತ್ತಲೇ ಬಂದಿದೆ. ನೆಟ್ಟಗೆ ನಡೆದದ್ದು ಒಂದೇ ಒಂದು ಸಭೆ. ಅದೂ ನಡೆಯಬಾರದ ಜಾಗದಲ್ಲಿ.

೧. ಹನ್ನೊಂದು ತಲೆ

ಬೈಲಾ ಪ್ರಕಾರ ಹನ್ನೊಂದು ಮಂದಿ ಸದಸ್ಯರು ಕೂತರೆ ಮಾತ್ರ ಸಭೆ. ಎರಡು ಸಲ ಕರೆದೆ. ಎರಡು ಸಲವೂ ಬಂದವರು ನಾನು ಮತ್ತು ಸೀಲಿಂಗ್ ಫ್ಯಾನು. ಮೂರನೆಯದೂ ಹಾಗೇ ಆದರೆ ಕೆಲಸ ಕೆಟ್ಟಂತೆ. ರಾಜ್ಯೋತ್ಸವಕ್ಕೆ ಸೊಸೈಟಿಯ ಹಾಲ್ ಬೇಕೆಂಬ ಠರಾವು ಸೋಮವಾರ ಬೆಳಿಗ್ಗೆಯೊಳಗೆ ಕೈಸೇರದಿದ್ದರೆ ಮದುವೆಯವರಿಗೆ ಕೊಟ್ಟುಬಿಡುತ್ತೇನೆ ಎಂದಿದ್ದ ಹಾಲಿನ ಮ್ಯಾನೇಜರ್. ನವೆಂಬರ್ ಅಂದರೆ ದಿಲ್ಲಿಯಲ್ಲಿ ಮದುವೆಗಳ ಸುಗ್ಗಿ. ಇತ್ತ ನಮ್ಮ ಮಕ್ಕಳು ನಾಟಕದ ಕನ್ನಡ ಮಾತುಗಳನ್ನು ಹಿಂದಿ ಅಕ್ಷರದಲ್ಲಿ ಬರೆದುಕೊಂಡು ತಿಂಗಳಿಂದ ಉರುಹೊಡೆಯುತ್ತಿದ್ದವು. ನಾಟಕವಿಲ್ಲ ಎಂದು ಅವುಗಳಿಗೆ ಹೇಳುವವರು ಯಾರು?

ಭಾನುವಾರ ನಾಲ್ಕಕ್ಕೆ ಸಭೆ. ಮಧ್ಯಾಹ್ನದಿಂದಲೇ ಫೋನು. ಖಜಾಂಚಿಗೆ ಜ್ವರ. ಮೂರನೇ ಬ್ಲಾಕಿನ ರಾಯರಿಗೆ ಏಕಾದಶಿ ಉಪವಾಸ, ಏಳಲೂ ತ್ರಾಣವಿಲ್ಲ. ಅಧ್ಯಕ್ಷರಿಗೆ ಸೊಂಟನೋವು. ನನ್ನ ಹೆಂಡತಿಯೂ ಆಜೀವ ಸದಸ್ಯೆಯೇ, ಆದರೆ ಅವಳಿಗೆ ಮಹಿಳಾ ಮಂಡಳಿಯ ಏಕಾದಶಿ ಭಜನೆ.

ಐದಕ್ಕೆ ಸಂಘದ ಕೋಣೆಗೆ ಬೀಗ ಹಾಕಿದೆ. ಮನೆಯ ಬೀಗದ ಕೈ ಹೆಂಡತಿಯ ಹತ್ತಿರ. ಮೆಟ್ರೋಗೆಂದು ಅಗೆದ ರಸ್ತೆಯ ಧೂಳು ಕುಡಿಯುತ್ತ ನಿಂತಾಗ ಕಂಡದ್ದು ಮಾರ್ಕೆಟ್ಟಿನ ಮಹಡಿಯಲ್ಲಿ ಅವತ್ತೇ ತೆರೆದಿದ್ದ ಗ್ಯಾಸ್ಟ್ರೊಪಬ್. ಅಂದರೆ ಬೀರಿನ ಜೊತೆ ಒಳ್ಳೆಯ ಊಟವೂ ಸಿಗುವ ಜಾಗ ಎಂದು ಬಾಗಿಲಲ್ಲಿದ್ದವನು ತಿಳಿಸಿಕೊಟ್ಟ. ಬಾರದವರನ್ನು ಮನಸಾರೆ ಬೈಯಲಿಕ್ಕಾದರೂ ಒಂದು ಕುರ್ಚಿ ಬೇಕಲ್ಲ, ಒಳಗೆ ಹೋದೆ.

೨. ಇಳಿದ ಜ್ವರ

ಒಳಗೆ ಮಬ್ಬು ಬೆಳಕು. ಮೆನು ಕಾರ್ಡುಗಳೋ ದಿನಪತ್ರಿಕೆಯಷ್ಟು ದೊಡ್ಡವು. ಒಂದು ಮುಖವೂ ಕಾಣದು. ಎದುರಿನ ಮೇಜಿನ ಮೆನು ಇದ್ದಕ್ಕಿದ್ದಂತೆ ಸೀನಿತು. ಆ ಸೀನು ನನಗೆ ಗೊತ್ತು. ವರ್ಷವರ್ಷವೂ ಲೆಕ್ಕಪತ್ರ ಕೇಳಿದಾಗ ಬರುವ ಸೀನು ಅದು. ಹೋಗಿ ಮೆನು ತಗ್ಗಿಸಿದೆ.

"ಖಜಾಂಚಿಗಳೇ, ಜ್ವರ ಅಂದ್ರಲ್ಲ?"

"ಕನ್ನಡದವರೆಲ್ಲ ಸಭೇಲಿರ್ತಾರೆ, ಇಲ್ಲಿ ಯಾರೂ ನೋಡಲ್ಲ ಅಂತ ಬಂದೆ ಸ್ವಾಮಿ. ಆದರೆ ಜ್ವರ ನಿಜ. ಬೇಕಾದ್ರೆ ಕೈ ಮುಟ್ಟಿ ನೋಡಿ."

ಮುಟ್ಟಿದೆ. ಬೀರಿನ ಗ್ಲಾಸು ಹಿಡಿದಿದ್ದ ಕೈ ಮಂಜುಗಡ್ಡೆಯ ಹಾಗಿತ್ತು.

"ನೋಡಿದ್ರಾ? ಈಗಷ್ಟೇ ಇಳೀತು!" ಅಂದರು.

೩. ಫಲಾಹಾರ

ಪಕ್ಕದ ಮೇಜಿನಿಂದ ಧಾರವಾಡದ ಧಾಟಿಯ ಹಿಂದಿ ಕೇಳಿಸಿತು. "ಭಯ್ಯಾ, ಇಸ್ಮೆ ಸೇಂಧಾ ನಮಕ್ ಡಾಲಾ ಹೈ ಕ್ಯಾ?" ಫ್ರೆಂಚ್ ಫ್ರೈಸಿಗೆ ಉಪವಾಸದ ಸೈಂಧವ ಉಪ್ಪು ಹಾಕಿದೆಯೇ ಎಂದು ವಿಚಾರಿಸುತ್ತಿದ್ದವರು ಏಳಲೂ ತ್ರಾಣವಿಲ್ಲದ ನಮ್ಮ ರಾಯರು.

"ಆಲೂಗಡ್ಡಿ ಉಪವಾಸಕ್ಕ ನಡೀತದರೀ," ಎಂದರು ನನ್ನನ್ನು ಕಂಡು.

"ಮತ್ತೆ ಈ ಗ್ಲಾಸು?"

ರಾಯರಿಗೆ ನಿಜವಾಗಿಯೂ ಸಿಟ್ಟು ಬಂತು. "ನಾ ಆಚಾರ ಬಿಡಾಂವ ಅಲ್ಲ. ಬೀರು ಬಾರ್ಲೀದು. ಬಾರ್ಲಿ ಅಂದ್ರ ಧಾನ್ಯ, ಏಕಾದಶಿಗೆ ವರ್ಜ್ಯ. ಇದು ವೈನು. ಬರೇ ದ್ರಾಕ್ಷಿ. ಫಲಾಹಾರ!"

೪. ದಯವಿಟ್ಟು ಚರ್ಚಿಸಿ

ಮೂಲೆಯ ಮೇಜಿನ ಬಳಿ ಪಬ್ಬಿನ ಮ್ಯಾನೇಜರ್ ಕೈಕಟ್ಟಿ ನಿಂತಿದ್ದ. ಕೂತಿದ್ದವರು ಸಂಘದ ಅಧ್ಯಕ್ಷರು, ಕೇಂದ್ರ ಸರ್ಕಾರದ ನಿವೃತ್ತ ಅಧೀನ ಕಾರ್ಯದರ್ಶಿ. ಪೆನ್ನು ತೆಗೆದು ಮೆನುವಿನ ಅಂಚಿನಲ್ಲಿ ಷರಾ ಬರೆದಿದ್ದರು. ಅಣಬೆಯ ಎದುರು "ದಯವಿಟ್ಟು ಚರ್ಚಿಸಿ". ಪಾಸ್ತಾದ ಎದುರು "ಹಿಂದಿನ ನಿದರ್ಶನ ಲಗತ್ತಿಸಿ". ಕೆಳಗೆ ಸಹಿ, ತಾರೀಖು. ಹೀಗೆ ಒಂದು ಗಂಟೆಯಿಂದ ಮೆನು ಅಡಿಗೆಮನೆಗೆ ಹೋಗಿ ಬರುತ್ತಿತ್ತು, ತಿನ್ನಲು ಮಾತ್ರ ಏನೂ ಬಂದಿರಲಿಲ್ಲ.

"ಬೇಕಾದ್ದು ಹೇಳಿಬಿಡಿ ಸಾರ್," ಅಂದೆ.

"ಮೂವತ್ತು ವರ್ಷ ಸರ್ವಿಸ್ ಮಾಡಿದೀನಿ ಕಣ್ರೀ," ಅಂದರು ಹಸಿದ ದನಿಯಲ್ಲಿ. "ಒಂದೇ ಸಲಕ್ಕೆ ಏನನ್ನೂ ಮಂಜೂರು ಮಾಡಿದೋನಲ್ಲ."

೫. ಹನ್ನೊಂದನೆಯ ತಲೆ

ಆಗ ನನ್ನ ತಲೆ ಓಡಿತು. ಮೇಜಿನಿಂದ ಮೇಜಿಗೆ ಹೋಗಿ ಮೆನು ತಗ್ಗಿಸುತ್ತ ಎಣಿಸಿದೆ. ಎಲ್ಲ ನಮ್ಮವರೇ! ಎಲ್ಲರ ಬಾಯಲ್ಲೂ ಅದೇ ಮಾತು: ಕನ್ನಡದವರೆಲ್ಲ ಸಭೆಯಲ್ಲಿರುತ್ತಾರೆ ಎಂದು ಬಂದೆವು. ನನ್ನನ್ನೂ ಸೇರಿಸಿ ಹತ್ತು. ಚೀಲದಿಂದ ಠರಾವಿನ ಹಾಳೆ ತೆಗೆದು ಹತ್ತೂ ಸಹಿ ಹಾಕಿಸಿದೆ. ಒಂದು ತಲೆ ಕಡಿಮೆ. ಪಬ್ಬಿನ ಮ್ಯಾನೇಜರನ್ನೇ ಸದಸ್ಯನನ್ನಾಗಿ ಮಾಡೋಣ ಎಂದರು ಖಜಾಂಚಿ.

ಅಷ್ಟರಲ್ಲಿ ಮೆಟ್ಟಿಲ ಮೇಲೆ ಝಣ್ ಝಣ್ ಸದ್ದು. ಭಜನೆಯ ತಾಳದ ಚೀಲ ಹೆಗಲಿಗೇರಿಸಿ ಬಂದವಳು ನನ್ನ ಹೆಂಡತಿ!

"ರೀ, ಸಭೆ ಅಂದ್ರಲ್ಲ?"

"ಸಭೆಯೇ ಇದು. ನೀನು ಭಜನೆ ಅಂದಿದ್ದೆಯಲ್ಲ?"

"ಯಾರೂ ಬರ್ಲಿಲ್ಲ ಕಣ್ರೀ. ಖಜಾಂಚಿಗಳ ಹೆಂಡತಿಗೆ ಜ್ವರವಂತೆ, ಅಧ್ಯಕ್ಷರ ಹೆಂಡತಿಗೆ ಸೊಂಟನೋವಂತೆ."

ಮತ್ತೆ ಝಣ್ ಝಣ್. ಜ್ವರ ನಗುನಗುತ್ತ ಮೇಲೆ ಬಂತು. ಅದರ ಹಿಂದೆಯೇ ಸೊಂಟನೋವು ಎರಡೆರಡು ಮೆಟ್ಟಿಲು ಹಾರಿಕೊಂಡು ಬಂತು. ಗಂಡಸರ ಮೆನುಗಳೆಲ್ಲ ಸರಕ್ಕನೆ ಮೇಲೆದ್ದವು.

ನನ್ನ ಹೆಂಡತಿ ಸಹಿ ಹಾಕಿದಳು. ಹನ್ನೊಂದು! ಇನ್ನು ಬೇಕಿದ್ದದ್ದು, ಸದಸ್ಯರಾಗಿ ಆಗಲೇ ಸಹಿ ಹಾಕಿದ್ದ ಅಧ್ಯಕ್ಷರ ಮಂಜೂರಾತಿ. ಹಾಳೆಯನ್ನು ಅವರ ಮುಂದಿಟ್ಟೆ. ಅದೇ ಹೊತ್ತಿಗೆ ಅವರ ಹೆಂಡತಿ ಬೆರಳ ತುದಿಯಿಂದ ಮೆನು ತಗ್ಗಿಸಿ, ಎದುರಿಗೆ ಕೂತು, "ನನಗೆ ಅಣಬೆ ಎರಡು ಪ್ಲೇಟ್," ಎಂದರು. ಅಧ್ಯಕ್ಷರು ಥಟ್ಟನೆ ಪೆನ್ನು ಎತ್ತಿದರು. ಚರ್ಚೆಯಿಲ್ಲ, ನಿದರ್ಶನವಿಲ್ಲ. ಮುಂದಿದ್ದ ಠರಾವಿನ ಹಾಳೆಯ ಮೇಲೇ ಆಕೆ ಹೇಳಿದ್ದನ್ನು ಇಂಗ್ಲಿಷಿನಲ್ಲಿ ಬರೆದು, "ಎಲ್ಲವೂ ಮಂಜೂರು" ಎಂದು ಸಹಿ ಜಡಿದರು. ಆ ಹನ್ನೊಂದು ಸಹಿ ಮತ್ತೆ ಹಾಕಿಸಲು ನನಗೆ ಇನ್ನೊಂದು ಜನ್ಮ ಬೇಕು. ಹಾಗೇ ಮಡಚಿ ಇಟ್ಟುಕೊಂಡೆ.

ಸೋಮವಾರ ಬೆಳಿಗ್ಗೆ ಹಾಲಿನ ಮ್ಯಾನೇಜರ್ ಹಾಳೆಯನ್ನು ಎರಡು ಸಲ ಓದಿದ.

"ಹಾಲ್ ಪಕ್ಕಾ, ಸಾಬ್," ಅಂದ ಕೊನೆಗೆ. "ಲೇಕಿನ್ ಮಶ್ರೂಮ್ ನೀವೇ ತರಬೇಕು."