ಅತ್ತೆಯ ಸೀರೆ ಮತ್ತು ನರತುದಿಯ ಚೀಲಗಳು

ನಾನು ನಿಂತಿದ್ದದ್ದು ಅಜ್ಜಂಪುರದಲ್ಲಿ, ಮಾವನವರ ಕೊಟ್ಟಿಗೆಯಲ್ಲಿ, ಬಾಗಿಲಿಗೆ ಬೆನ್ನು ಹಾಕಿ. ೧೯೮೨ರ ಒಂದು ಭಾನುವಾರ, ಬೀರೂರಿನ ಕಡೆಯಿಂದ ಬೆಳಗಿನ ರೈಲು ಬಂದುಹೋದ ಹೊತ್ತು. ಆ ರೈಲಿನಲ್ಲಿ ನಾದಿನಿ ಶೈಲಜಳನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು.

ಅತ್ತೆಯವರ ಕೈ ಉಳುಕಿತ್ತು. ಅವರಲ್ಲದೆ ಬೇರೆ ಯಾರು ಕೂತರೂ ಹಸು ಕಾವೇರಿ ಹಾಲು ಬಿಡುತ್ತಿರಲಿಲ್ಲ. ನೆರೆಯವರ ಹಾಲೆಲ್ಲ ಆಗಲೇ ಹೋಟೆಲಿಗೆ ಹೋಗಿತ್ತು.

"ಸಂಬಂಧ ಬೆಳೆಸೋಕೆ ಬರೋರಿಗೆ ಕರೀ ಕಾಫಿ ಕೊಟ್ರೆ ಒಪ್ತಾರೇನಪ್ಪಾ?" ಎಂದು ಮಾವ ಕೊರಗಿದರು.

ನಾನು ಕಡೂರಿನಲ್ಲಿ ಜೀವಶಾಸ್ತ್ರದ ಮೇಷ್ಟ್ರು. ನನಗೆ ಯಾವ ಆತಂಕವೂ ಇರಲಿಲ್ಲ.

"ನೋಡು ಗಿರಿಜಾ," ಎಂದು ಹೆಂಡತಿಗೆ ವಿವರಿಸಿದೆ. "ಹಾಲು ಇಳಿಸೋ ರಸ ಹಸುವಿನ ಮೆದುಳಿನ ತಳದಲ್ಲಿ, ನರಗಳ ತುದೀಲಿ, ಕಣ್ಣಿಗೆ ಕಾಣದ ಚೀಲಗಳಲ್ಲಿರುತ್ತೆ. ಕೆಚ್ಚಲು ಮುಟ್ಟಿದ ಸುದ್ದಿ ಅಲ್ಲಿಗೆ ಹೋದ ಕೂಡಲೇ ಕ್ಯಾಲ್ಸಿಯಂ ಒಳಗೆ ನುಗ್ಗುತ್ತೆ. ಚೀಲ ಜೀವಕೋಶದ ಪೊರೆಗೆ ಬೆಸೆದುಕೊಂಡು ಬಾಯಿ ತೆರೆಯುತ್ತೆ. ರಸ ರಕ್ತಕ್ಕೆ, ಹಾಲು ಚೊಂಬಿಗೆ."

"ಚೀಲ ಬಿಚ್ಚೋದು ಇರ್ಲಿ, ಮೊದ್ಲು ಕರು ಬಿಚ್ರೀ."

ಕರು ಬಿಟ್ಟು, ಬಿಸಿನೀರಲ್ಲಿ ಕೆಚ್ಚಲು ತೊಳೆದು ಕೂತೆ. ಕಾವೇರಿ ಬಿಡುಗಡೆ ಮಾಡಿದ್ದು ಹಿಂಗಾಲನ್ನು ಮಾತ್ರ.

"ಗಾಬರಿಯಾದರೆ ಬೇರೆ ಚೀಲಗಳು ತೆರೆದುಕೊಳ್ತವೆ. ಆ ರಸ ಹಾಲನ್ನ ತಡೆಯುತ್ತೆ," ಎಂದೆ, ಮೊಣಕಾಲು ಉಜ್ಜಿಕೊಳ್ಳುತ್ತ. "ಇವಳಿಗೆ ನಿಮ್ಮವ್ವನ ವಾಸನೆ ಬೇಕು."

"ಅವ್ವನ ಸೀರೆ ಉಟ್ಕೊಂಡು ನಾನೇ ಕರೀತೀನಿ, ಬಿಡಿ."

"ಪ್ರಯೋಗ ನನ್ನದು. ಸೀರೆ ಕೊಡು."

ಸೀರೆ ಉಟ್ಟು, ತಲೆ ತುಂಬ ಸೆರಗು ಹೊದ್ದು ಕೂತೆ. ಕಾವೇರಿ ಮೂಸಿದಳು, ನಿಟ್ಟುಸಿರು ಬಿಟ್ಟಳು. ಆಮೇಲೆ ನೊರೆನೊರೆಯಾಗಿ ಹಾಲು ಇಳಿಯಿತು. ವಿಜ್ಞಾನ ಗೆದ್ದಿತ್ತು. ತುಂಬಿದ ಚೊಂಬು ಹಿಡಿದು ಎದ್ದು ನಿಂತೆ.

"ತಾಯೀ, ಯಜಮಾನ್ರು ಇದ್ದಾರಾ?" ಹಿಂದಿನಿಂದ ಗಂಡಸಿನ ದನಿ.

ತಿರುಗಿದೆ. ಬಾಗಿಲಲ್ಲಿ ವರ, ವರನ ತಂದೆ. ಅವರು ನೋಡಿದ್ದು ನನ್ನ ಮೀಸೆಯನ್ನು.

ಆ ಕ್ಷಣ ನನ್ನೊಳಗೆ ಎಷ್ಟು ಚೀಲಗಳು ಬಾಯಿ ತೆರೆದವೋ ಹೇಳಲಾರೆ. ಓಡಿದೆ. ಸೆರಗು ಕಾಲಿಗೆ ಸಿಕ್ಕಿತು. ನಾನೂ ಹಾಲೂ ಒಟ್ಟಿಗೆ ಗಂಜಲದ ಗುಂಡಿ ಸೇರಿದೆವು.

ಸಂಬಂಧ ಮುರಿಯಿತೆಂದು ಮಾವ ಕಂಬ ಹಿಡಿದು ನಿಂತರು. ವರನ ತಂದೆ ಬೆಲ್ಲದ ಕರೀ ಕಾಫಿ ಕುಡಿದು, ಲೋಟ ಕೆಳಗಿಟ್ಟು, ನಿಧಾನವಾಗಿ ಹೇಳಿದರು: "ಹುಡುಗಿ ಒಪ್ಪಿಗೆ ಕಣ್ರೀ. ಆದ್ರೆ ನಿಮ್ಮ ದೊಡ್ಡಳಿಯ ಮದ್ವೆಗೆ ಪಂಚೆ ಉಟ್ಕೊಂಡು ಬರ್ಬೇಕು."

ಅತ್ತೆ, ಮಾವ, ವರನ ತಂದೆ, ಕಾವೇರಿ, ಯಾರೂ ಈಗಿಲ್ಲ. ಕಂಡವರಲ್ಲಿ ಉಳಿದಿರುವವರು ನನ್ನ ಹೆಂಡತಿ ಗಿರಿಜ, ಮತ್ತು ಅಂದಿನ ವರ, ಈಗ ಬೀರೂರಿನಲ್ಲಿರುವ ನನ್ನ ಷಡ್ಡಕ. ಇಬ್ಬರೂ ಆರೋಗ್ಯವಾಗಿದ್ದಾರೆ. ಜ್ಞಾಪಕಶಕ್ತಿಯೂ ಚೆನ್ನಾಗಿಯೇ ಇದೆ.