ವನೀಸ್ ಕೇಳಿದ ಕ್ಷಮೆ

ಮೊದಲು ಕ್ಷಮೆ ಕೇಳಿಬಿಟ್ಟರೆ ಎಲ್ಲ ಸುಲಭವಾಗುತ್ತದೆ ಎಂದು ಇಸ್ತ್ರಿ ಅಂಗಡಿಯ ವನೀಸ್‌ಗೆ ಬುದ್ಧಿ ಹೇಳಿದವಳು ಅವನ ಚಿಕ್ಕಮ್ಮ ದಿಮ್ಯಾನಾ. ಆ ಭಾನುವಾರ ಮಲ್ಲವಿ ಊರಿನ ಚರ್ಚಿನಲ್ಲಿ ಅವನ ತಾಯಿ ತೀರಿಕೊಂಡ ನಲವತ್ತನೆಯ ದಿನದ ಬಲಿಪೂಜೆ. ತಾಯಿಗೆ ಇಷ್ಟವಾಗಿದ್ದ ಒಂದೇ ಒಂದು ಸ್ತೋತ್ರವನ್ನು ತಾನೇ ಹಾಡಬೇಕೆಂದು ಅವನ ಆಸೆ. ಹಾಡಲು ಬಿಡುವುದು, ಬಿಡದಿರುವುದು ಗಾಯಕರ ಮುಖ್ಯಸ್ಥ ಲಬೀಬನ ಕೈಯಲ್ಲಿತ್ತು.

ಲಬೀಬನೋ, ವನೀಸನ ದನಿ ನಡುಗುತ್ತದೆಂದು ಅವನಿಗೆ ಮೇಕೆ ಎಂದು ಹೆಸರಿಟ್ಟವನು. ವನೀಸ್ ಬಾಯಿ ತೆರೆದರೆ ಸಾಕು, "ಯಾರಾದ್ರೂ ಒಂದು ಹಿಡಿ ಸೊಪ್ಪು ಹಾಕ್ರಪ್ಪಾ" ಎನ್ನುತ್ತಿದ್ದ. ಮಿಕ್ಕ ಗಾಯಕರು ಬಿದ್ದು ಬಿದ್ದು ನಗುತ್ತಿದ್ದರು. ಅವರೆಲ್ಲರ ಬಿಳಿ ನಿಲುವಂಗಿಗಳಿಗೆ ಪುಕ್ಕಟೆ ಇಸ್ತ್ರಿ ಹಾಕಿಕೊಡುತ್ತಿದ್ದ ವನೀಸ್ ತಾನೂ ಒಂದಿಷ್ಟು ನಕ್ಕು, ಮನೆಗೆ ಹೋಗಿ ಊಟ ಬಿಟ್ಟು ಮಲಗುತ್ತಿದ್ದ. ಬರುಬರುತ್ತಾ ಒಬ್ಬನೇ ಇದ್ದಾಗಲೂ ಗುನುಗಲು ಹೆದರುವಂತಾಗಿತ್ತು ಪಾಪದವನಿಗೆ.

"ತಪ್ಪು ಅವನದಲ್ವಾ ಚಿಕ್ಕಮ್ಮ?"

"ಇರಲಿ ಬಿಡೋ. ಕ್ರಿಸ್ತನ ಮಕ್ಕಳು ಅದನ್ನೆಲ್ಲ ಮನಸ್ಸಲ್ಲಿ ಇಟ್ಕೋಬಾರದು. ಪೂಜೆಗೆ ಮೊದಲು ಎಲ್ಲರ ಎದುರಿಗೇ ಬಾಗಿ 'ತಪ್ಪಾಯ್ತು, ಕ್ಷಮಿಸು' ಅನ್ನು. ಎಬ್ಬಿಸಿ ಅಪ್ಪಿಕೊಳ್ಳದೆ ಅವನಾದ್ರೂ ಎಲ್ಲಿಗೆ ಹೋಗ್ತಾನೆ?"

ವನೀಸ್ ಮೆಟ್ಟಿಲಿಳಿಯುವಷ್ಟರಲ್ಲಿ ವಿಷಯ ಬೀದಿಗೆ ಬಂದಿತ್ತು. ಕೆಳಮನೆಯವಳು ಚೆನ್ನಾಗಿ ಬಾಗು ಎಂದಳು. ರೊಟ್ಟಿಯಂಗಡಿಯವನು ಜೋರಾಗಿ ಹೇಳು ಎಂದ. ಇವರ ಉಪದೇಶ ಮುಗಿದು ವನೀಸ್ ಚರ್ಚು ಮುಟ್ಟುವಾಗ ತಡವಾಗಿತ್ತು.

ಅಂಗಳದಲ್ಲಿ ಗಾಯಕರೆಲ್ಲ ತಲೆ ತಗ್ಗಿಸಿ ನಿಂತಿದ್ದರು. ನಡುವೆ ಗುರುಗಳಾದ ಅಬೂನಾ ಬಖೂಮ್ ಕಾದ ಇಸ್ತ್ರಿಪೆಟ್ಟಿಗೆಯಂತಾಗಿದ್ದರು. ವನೀಸ್‌ಗೆ ಅದೊಂದೂ ಕಾಣಲಿಲ್ಲ. ಧೈರ್ಯ ಆರಿಹೋಗುವ ಮುಂಚೆ ನೆಟ್ಟಗೆ ಹೋಗಿ, ಲಬೀಬನ ಮುಂದೆ ಹಣೆ ನೆಲಕ್ಕೆ ತಾಗುವಂತೆ ಬಾಗಿ, ಬೀದಿಗೆ ಕೇಳುವ ಹಾಗೆ, "ತಪ್ಪಾಯ್ತು, ಕ್ಷಮಿಸು" ಎಂದ.

"ಹಾಗಾದ್ರೆ ನೀನೇನಾ?" ಎಂದರು ಅಬೂನಾ.

ಆಗ ನೋಡಿದ. ಹಿಂದಿನ ಬಿಷಪ್ಪರು ಕೊಟ್ಟಿದ್ದ ಕಂಚಿನ ತಾಳ ಬೆಂಚಿನ ಮೇಲೆ ಎರಡು ಹೋಳಾಗಿ ಬಿದ್ದಿತ್ತು. ಒಡೆದವರು ಯಾರೆಂದು ಅಬೂನಾ ಆಗಿನಿಂದ ಕೇಳುತ್ತಿದ್ದರು. ಯಾರೂ ತುಟಿ ಬಿಚ್ಚಿರಲಿಲ್ಲ. ಒಡೆದವನು ಅಂದು ನಿಲುವಂಗಿ ತೊಡುವಂತಿಲ್ಲ, ಹಾಡುವಂತಿಲ್ಲ ಎಂದು ಅಪ್ಪಣೆಯೂ ಆಗಿತ್ತು.

ಅಲ್ಲ ಎನ್ನಲು ವನೀಸ್ ಬಾಯಿ ತೆರೆದ. ಅಷ್ಟರಲ್ಲಿ ಲಬೀಬ್ ಅವನನ್ನು ಎಬ್ಬಿಸಿ, ಗಟ್ಟಿಯಾಗಿ ಅಪ್ಪಿಕೊಂಡು ಕಿವಿಯಲ್ಲಿ ಪಿಸುಗುಟ್ಟಿದ: "ಅದು ನನ್ನ ಕೈಜಾರಿ ಬಿದ್ದದ್ದು, ವನೀಸಣ್ಣ. ಇಷ್ಟು ಜನರ ಮುಂದೆ ಮರ್ಯಾದೆ ಹೋಗುತ್ತೆ. ನಿನ್ನ ದಮ್ಮಯ್ಯ."

ಅಪ್ಪಿದ ಕೈಯನ್ನು ಲಬೀಬ್ ಸಡಿಲಿಸಲಿಲ್ಲ. ನಾಲ್ಕು ಜನ ನಗುತ್ತಾರೆಂಬ ಆ ಹೆದರಿಕೆಯ ರುಚಿ ವನೀಸ್‌ಗೆ ಚೆನ್ನಾಗಿ ಗೊತ್ತಿತ್ತು. ಅದನ್ನು ಇನ್ನೊಬ್ಬನಿಗೆ ಉಣಿಸಲು ಮನಸ್ಸು ಬರಲಿಲ್ಲ. ತಾಯಿಯ ಮುಖ ಕಣ್ಣ ಮುಂದೆ ಬಂತು. ಆದರೂ ಬಾಯಿ ಮುಚ್ಚಿಕೊಂಡ. ಗರಿಗರಿಯಾಗಿ ಇಸ್ತ್ರಿ ಹಾಕಿ ತಂದಿದ್ದ ತನ್ನ ನಿಲುವಂಗಿಯನ್ನು ಮಡಿಕೆ ಬಿಚ್ಚದೆ ಕಂಕುಳಲ್ಲಿಟ್ಟುಕೊಂಡು, ಜನರ ನಡುವೆ ಹೋಗಿ ನಿಂತ.

ತಾಯಿಯ ಸ್ತೋತ್ರವನ್ನು ಲಬೀಬನೇ ಹಾಡಿದ. ಚೆನ್ನಾಗಿಯೇ ಹಾಡಿದ, ಅದೇ ಸಂಕಟ.

ಅಬೂನಾ ಉಪದೇಶಕ್ಕೆ ನಿಂತರು. ಕ್ರಿಸ್ತನ ಕ್ಷಮೆಯನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ, ಇವತ್ತು ನಮ್ಮ ಅಂಗಳದಲ್ಲೇ ಕಂಡೆವು ಎಂದು ಲಬೀಬನ ಕಡೆ ಕೈ ತೋರಿಸಿದರು. ಹೆಂಗಸರು ಕಣ್ಣೊರೆಸಿಕೊಂಡರು. ಲಬೀಬ್ ತಲೆ ಎತ್ತಲಿಲ್ಲ. ಜನ ಅದನ್ನೂ ವಿನಯವೆಂದುಕೊಂಡರು.

ಹೊರಗೆ ಬಂದ ಮೇಲೆ ಚಿಕ್ಕಮ್ಮ ವನೀಸನ ತೋಳು ಹಿಡಿದಳು. "ಅವನನ್ನ ನೋಡಿ ಕಲಿಯೋ. ಅದು ಹೃದಯ ಅಂದ್ರೆ. ನಿಮ್ಮಮ್ಮ ಇದ್ದಿದ್ರೆ ನಿನ್ನಿಂದ ಎಷ್ಟು ನಾಚಿಕೆ ಪಡ್ತಿದ್ಲೋ."

"ಹೌದು ಚಿಕ್ಕಮ್ಮ" ಎಂದ ವನೀಸ್.