ಗುಂಡನ ಸಮುದ್ರಯಾನ ಮತ್ತು ಕೆಳಗಿನ ಮನೆಯ ಹೆಣ್ಣು ನೋಡುವ ಶಾಸ್ತ್ರ

ನಾಯಿ ಸಾಕಿದ ಬಾಡಿಗೆದಾರನ ಬದುಕಿನಲ್ಲಿ ತಮಾಷೆಗಳಿಗೆ ಬರವಿಲ್ಲ. ಆದರೆ ನಗುವವರು ಸಾಮಾನ್ಯವಾಗಿ ಸ್ವಂತ ಮನೆಯವರು.

ಬಸವೇಶ್ವರನಗರದ ಒಂದು ಮನೆಯ ಮೊದಲ ಮಹಡಿಯಲ್ಲಿ ನಾನು, ನನ್ನ ಹೆಂಡತಿ ಮತ್ತು ಗುಂಡ ಇದ್ದೆವು. ಗುಂಡ ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಗೇಟಿನ ಬಳಿ ಸಿಕ್ಕ ಬೀದಿನಾಯಿ. ಬಣ್ಣ ಕಾಫಿಪುಡಿಯದು, ಸ್ವಭಾವ ಚಿಕೋರಿಯದು. ವಿಜಯನಗರದಿಂದ ನಂದಿನಿ ಲೇಔಟ್‌ವರೆಗೆ ಮನೆ ಹುಡುಕಿದಾಗ, 'ನಾಯಿ' ಎಂಬ ಮಾತು ಬಾಯಿಂದ ಬೀಳುವ ಮೊದಲೇ ಗೇಟುಗಳು ಮುಚ್ಚಿಕೊಂಡವು. "ಸಾರ್, ಮೂರು ಜನದ ಫ್ಯಾಮಿಲಿ ಅಂದ್ಬಿಡಿ. ಮೂರನೇವ್ರು ಯಾರು ಅಂತ ಆಮೇಲೆ ಅವರಿಗೇ ಗೊತ್ತಾಗುತ್ತೆ" ಎಂದು ಬ್ರೋಕರ್ ಬುದ್ಧಿ ಹೇಳಿದ. ನನ್ನ ಹೆಂಡತಿ ಕೇಳದೆ ನಿಜ ಹೇಳಿದಳು. ನಮ್ಮ ಓನರ್ ಪ್ರಾಮಾಣಿಕತೆಯನ್ನು ಬಹಳ ಮೆಚ್ಚಿಕೊಂಡು, ಬಾಡಿಗೆ ಏರಿಸಿ, ಹತ್ತು ತಿಂಗಳ ಅಡ್ವಾನ್ಸ್ ಹಿಡಿದು, ಮನೆ ಕೊಟ್ಟರು.

೧. ರಜೆ ಮಂಜೂರಾದದ್ದು

ಆಷಾಢ ಮುಗಿದ ಮರುದಿನ ಓನರ್ ಮೆಟ್ಟಿಲು ಹತ್ತಿ ಬಂದರು. ದಾವಣಗೆರೆ ಕಡೆಯವರು, ಸರ್ಕಾರಿ ನೌಕರಿಯಿಂದ ನಿವೃತ್ತರು. ಹಣೆಯ ವಿಭೂತಿ ಅಳಿಸಿದ್ದನ್ನೂ ಧ್ವನಿ ಏರಿಸಿದ್ದನ್ನೂ ನಾವು ಕಂಡಿಲ್ಲ.

"ನೋಡ್ರಿ, ಗಂಡ ಹೆಂಡ್ತಿ ಇಬ್ರೂ ಭಾಳ ದುಡೀತೀರಿ. ನಾಕು ದಿನ ಸಮುದ್ರದ ಕಡೆ ಹೋಗ್ಬರ್ರಿ."

"ಶ್ರಾವಣದಲ್ಲಿ ಅಲ್ಲಿ ವಿಪರೀತ ಮಳೆ ಸಾರ್."

"ಅದಕ್ಕೇ ರೂಮು ಖಾಲಿ ಇರ್ತಾವೆ. ನಾಯೀನೂ ಕರ್ಕಂಡು ಹೋಗ್ರಿ, ಪಾಪ."

ಆ 'ಪಾಪ'ದಲ್ಲಿ ವಿಷಯವಿತ್ತು. ಅವರ ಮಗಳನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಅವರು ಗೇಟು ತೆಗೆಯುವಾಗ ಮಹಡಿಯಿಂದ ಗುಂಡ ಬೊಗಳಿದರೆ ಶುಭಕಾರ್ಯಕ್ಕೆ ವಿಘ್ನ.

"ಅವನು ಹೊಸಬರಿಗೆ ಮಾತ್ರ ಬೊಗಳೋದು ಸಾರ್," ಎಂದಳು ನನ್ನ ಹೆಂಡತಿ.

"ನಂಗೆ ಇಷ್ಟು ವರ್ಷದಿಂದ ಬೊಗಳ್ತೈತಲ್ಲಮ್ಮ? ನಾನೂ ಹೊಸಬನೇ?"

ಹನ್ನೊಂದು ತಿಂಗಳಿಗೊಮ್ಮೆ ಹೊಸದಾಗುವ ನಮ್ಮ ಬಾಡಿಗೆ ಅಗ್ರಿಮೆಂಟ್ ಆ ತಿಂಗಳ ಕೊನೆಗೆ ಮುಗಿಯುತ್ತಿತ್ತು. "ನೀವು ಬಂದ ಮ್ಯಾಲೆ ಅದರ ಮಾತಾಡೋಣ" ಎಂದು ಮೆಲ್ಲಗೆ ಹೇಳಿ ಇಳಿದು ಹೋದರು. ಆಫೀಸಿನಲ್ಲಿ ರಜೆಗಾಗಿ ನಾನು ಕಾಲು ಹಿಡಿಯಬೇಕು. ಇಲ್ಲಿ ರಜೆಯೇ ನನ್ನ ಕುತ್ತಿಗೆ ಹಿಡಿದಿತ್ತು.

೨. ಮುಂದಿನ ಸೀಟು

ನಾಯಿಯನ್ನು ಬಸ್ಸಿಗೆ ಹತ್ತಿಸಿಕೊಳ್ಳಲಿಲ್ಲ. ಬಾಡಿಗೆ ಕಾರು ಹಿಡಿದೆವು. ಯಾದಗಿರಿ ಕಡೆಯ ಡ್ರೈವರ್ ಗುಂಡನನ್ನು ಕಂಡೊಡನೆ ಮುಖ ಸಣ್ಣ ಮಾಡಿದ.

"ನಾಯಿ ಐತಿ ಅಂತ ಮೊದ್ಲ ಹೇಳಬಾರ್ದೇನ್ರಿ ಸರ? ಗಾಡ್ಯಾಗ ವಾಂತಿ ಮಾಡಿದ್ರ ಯಾರ್ ತೊಳೀಬೇಕು?"

ಹೆಂಡತಿ ಹಿಂದಿನ ಸೀಟಿಗೆ ಹಳೇ ಬೆಡ್‌ಶೀಟ್ ಹಾಸಿ ಅವನನ್ನು ಸಮಾಧಾನ ಮಾಡಿದಳು. ಘಾಟಿ ಶುರುವಾದಾಗ ಗುಂಡ ಜೊಲ್ಲು ಸುರಿಸತೊಡಗಿದ. ಡ್ರೈವರ್ ಗಾಡಿ ನಿಲ್ಲಿಸಿ, "ಅದನ್ನ ಮುಂದ ಕುಂದರ್ಸ್ರಿ. ದಾರಿ ಕಂಡ್ರ ಹೊಟ್ಟಿ ತೊಳಸಂಗಿಲ್ಲ" ಎಂದ. ಗುಂಡ ಮುಂದೆ ಬಂದ. ನಾನು ಬೆಡ್‌ಶೀಟಿನ ಮೇಲೆ ಹೋದೆ.

ಹದಿನೈದಿಪ್ಪತ್ತು ತಿರುವು ಕಳೆಯುವಷ್ಟರಲ್ಲಿ ನಾನು ವಾಂತಿ ಮಾಡಿದೆ.

ಡ್ರೈವರ್ ಕನ್ನಡಿಯಲ್ಲಿ ನನ್ನನ್ನು ನೋಡಿದ, ಆಮೇಲೆ ಪಕ್ಕದಲ್ಲಿ ನೆಟ್ಟಗೆ ಕುಳಿತಿದ್ದ ಗುಂಡನನ್ನು ನೋಡಿದ. "ಸುಮ್ನ ನಾಯಿಗೆ ಅಂದ್ನಿ ನೋಡ್ರಿ ಅಕ್ಕಾರ" ಎಂದ.

೩. ಸಮುದ್ರ ಕಾಣುವ ಕೋಣೆ

ನಾಯಿಗೂ ಅವಕಾಶವಿದೆ, ಕಿಟಕಿಯಿಂದ ಸಮುದ್ರ ಕಾಣುತ್ತದೆ ಎಂದು ಲಾಡ್ಜಿನ ಮ್ಯಾನೇಜರ್ ಫೋನಿನಲ್ಲಿ ಹೇಳಿದ್ದ. ಹೋಗಿ ನೋಡಿದರೆ ಇಡೀ ಲಾಡ್ಜಿಗೆ ನಾವೇ ಗಿರಾಕಿಗಳು. ಕಿಟಕಿ ತೆರೆದೆ. ಹೊರಗೆ, ಮೇಲಿನಿಂದ ಕೆಳಗಿನವರೆಗೆ, ನೀಲಿ ಟಾರ್ಪಾಲು.

"ಸಮುದ್ರ ಎಲ್ಲಿ?"

"ಅದರ ಹಿಂದೆಯೇ ಉಂಟು ಮಾರಾಯ್ರೆ. ಮಳೆ ನೀರು ಒಳಗೆ ಬರ್ತದೆ ಅಂತ ಕಟ್ಟಿದ್ದು. ನವರಾತ್ರಿಗೆ ಬಿಚ್ಚುತ್ತೇವೆ."

ಅಷ್ಟರಲ್ಲಿ ಅಡುಗೆಮನೆಯ ಹಿಂದಿನಿಂದ ಮೂರು ನಾಯಿಗಳು ಗುಂಡನ ಮೇಲೆ ಏರಿ ಬಂದವು. ಹೆಂಡತಿ ಅವನನ್ನು ಎತ್ತಿಕೊಂಡು ಟೇಬಲ್ ಹತ್ತಿದಳು.

"ನಾಯಿಗೆ ಅವಕಾಶ ಇದೆ ಅಂದ್ರಲ್ಲ!" ಎಂದು ಕೂಗಿದೆ.

"ನನ್ನ ಒಪ್ಪಿಗೆ ಉಂಟು," ಎಂದ ಮ್ಯಾನೇಜರ್, ಶಾಂತವಾಗಿ. "ಇವುಗಳನ್ನು ಕೇಳಿರಲಿಲ್ಲ."

೪. ಯಾರಿಗೆ ಬುದ್ಧಿ ಇದೆ

ಮರುದಿನ ಮಳೆ ಸ್ವಲ್ಪ ಬಿಟ್ಟಿತು. ಇಷ್ಟು ದೂರ ಬಂದ ಮೇಲೆ ನಾಯಿಗೆ ಸಮುದ್ರ ತೋರಿಸದಿದ್ದರೆ ಹೇಗೆ ಎಂದು, ಅವನ ಕುತ್ತಿಗೆಯ ಬೆಲ್ಟು ಹೆಂಡತಿಯ ಕೈಗೆ ಕೊಟ್ಟು, ಮರಳಿಗೆ ಇಳಿದೆವು. ನಮ್ಮ ರಸ್ತೆಯಲ್ಲಿ ನೀರಿನ ಟ್ಯಾಂಕರ್‌ಗಳನ್ನೇ ಅಟ್ಟಿಸಿಕೊಂಡು ಹೋಗುವ ಗುಂಡ, ಮೊದಲ ಅಲೆ ಕಂಡದ್ದೇ ಬಾಲ ಮುದುರಿ ನಾಲ್ಕೂ ಕಾಲು ಊರಿಬಿಟ್ಟ. ಅವನಿಗೆ ಧೈರ್ಯ ಹೇಳಲು ನಾನೇ ಮುಂದೆ ನಡೆದೆ. ಮೊಣಕಾಲವರೆಗೆ ನೀರು ಬಂತು. "ಬಾರೋ, ಏನಾಗಲ್ಲ ಬಾರೋ" ಎಂದು ಕರೆದೆ.

ದಡದಲ್ಲಿ ಕೆಂಪು ಬಾವುಟದ ಪಕ್ಕ ನಿಂತಿದ್ದ ಕಾವಲುಗಾರ ಜೋರಾಗಿ ಸೀಟಿ ಊದುತ್ತಾ ಓಡಿ ಬಂದ. ಬಂದವನು ನನ್ನೊಡನೆ ಮಾತಾಡಲಿಲ್ಲ. ಗುಂಡನ ತಲೆ ಸವರಿ, ನನ್ನ ಹೆಂಡತಿಗೆ ಹೇಳಿದ:

"ಇದನ್ನು ಬಿಟ್ಟರೂ ಅಡ್ಡಿಲ್ಲಮ್ಮ. ಆ ಬೆಲ್ಟು ಅವರಿಗೆ ಹಾಕಿ."

೫. ಆರಾಮಾಗಿ ಇರ್ರಿ

ವಾಪಸ್ ಹೊರಡುವ ದಿನ ಓನರ್ ಫೋನು ಬಂತು. ಗಂಡಿನ ಕಡೆಯವರು ಭಾನುವಾರಕ್ಕೆ ಮುಂದೂಡಿದ್ದಾರಂತೆ, ನಾವೂ ಮುಂದೂಡಬೇಕಂತೆ. ಒದ್ದೆ ಬಟ್ಟೆ ಒಣಗಿರಲಿಲ್ಲ, ಒಣಗಿದ ಬಟ್ಟೆ ಉಳಿದಿರಲಿಲ್ಲ. ಇಡೀ ಕೋಣೆ ಒದ್ದೆ ನಾಯಿಯ ವಾಸನೆ ಹೊಡೆಯುತ್ತಿತ್ತು. ಅದರಲ್ಲಿ ಗುಂಡನ ಪಾಲೆಷ್ಟು, ನಮ್ಮ ಪಾಲೆಷ್ಟು ಎಂದು ಹೇಳುವುದು ಕಷ್ಟವಾಗಿತ್ತು.

"ವಾಪಸ್ ಹೋಗೋಣ ರೀ. ಬೊಗಳಿದ್ರೆ ಬೊಗಳಲಿ," ಎಂದಳು ಹೆಂಡತಿ.

"ಅಗ್ರಿಮೆಂಟ್ ಕಣೇ."

ಅವಳು ಒದ್ದೆ ಬಟ್ಟೆಗಳನ್ನು ಮತ್ತೆ ಹಗ್ಗಕ್ಕೆ ಹಾಕಿದಳು. ಈ ಒಂದು ಪದಕ್ಕೆ ನಮ್ಮ ಮನೆಯಲ್ಲಿ ಎಂಥ ಜಗಳವನ್ನೂ ನಿಲ್ಲಿಸುವ ಶಕ್ತಿಯಿದೆ.

ಭಾನುವಾರ ಬೆಳಗ್ಗೆ ಮತ್ತೆ ಫೋನು. "ನೋಡ್ರಿ, ನಿಮ್ಮ ಬೀಗದ ಇನ್ನೊಂದು ಕೀ ನಮ್ಮತ್ರ ಇತ್ತಲ್ಲ. ಬಾಗಿಲು ತೆಗೆದು ನಿಮ್ಮ ಸೋಫಾ ಕೆಳಗೆ ಇಳಿಸಿದ್ವಿ. ನಮ್ದು ಸ್ವಲ್ಪ ಹಳೇದಾಗೈತೆ, ಬಂದೋರು ಏನ್ ಅಂದ್ಕೊಂತಾರೆ? ನೀವೇನ್ ಬ್ಯಾಸರ ಮಾಡ್ಕಾಬ್ಯಾಡ್ರಿ. ಆರಾಮಾಗಿ ಸಮುದ್ರ ನೋಡ್ರಿ."

ನಾನು ಟಾರ್ಪಾಲು ನೋಡಿದೆ.

೬. ನಾಯಿ ನೋಡುವ ಶಾಸ್ತ್ರ

ಸೋಮವಾರ ಸಂಜೆ ಮನೆ ಮುಟ್ಟಿದೆವು. ಓನರ್ ಗೇಟಿಗೇ ಬಂದು ನಿಂತಿದ್ದರು. ಗುಂಡ ಎಂದಿನಂತೆ ಬೊಗಳಿದ. ಅವರು ಬಗ್ಗಿ, "ಬಂದ್ಯೇನಪ್ಪಾ? ಆರಾಮಾ?" ಎಂದರು. ಗುಂಡನೇ ಗಾಬರಿಯಾಗಿ ಸುಮ್ಮನಾದ.

ಆದದ್ದು ಇಷ್ಟು. ಗಂಡಿನ ತಾಯಿ ನಮ್ಮ ಸೋಫಾದ ಮೇಲೆ ಕೂತು, ಉಪ್ಪಿಟ್ಟು ತಿಂದು, ಎದ್ದಾಗ ರೇಷ್ಮೆ ಸೀರೆಯ ಹಿಂಭಾಗವೆಲ್ಲ ಗುಂಡನ ಕೂದಲು. "ಮನೇಲಿ ನಾಯಿ ಇದೆಯಾ?" ಎಂದು ಕೇಳಿದರಂತೆ. ಓನರ್ ಇಲ್ಲ ಎನ್ನಲು ಬಾಯಿ ತೆರೆದರಂತೆ. ಆಕೆ ಮುಂದುವರಿದು, "ಸದ್ಯ! ನಮ್ಮನೇಲಿ ಎರಡಿವೆ. ನಾಯಿ ಕಂಡ್ರೆ ಹೆದರೋ ಹುಡುಗಿ ಅಂತ ಹೋದ ಸಲ ಒಂದು ಸಂಬಂಧಾನೇ ಬಿಟ್ವಿ" ಎಂದರಂತೆ.

"ನಮ್ದೇ ನಾಯಿ ಅಂದ್ಬಿಟ್ಟೆ," ಎಂದರು ಓನರ್. "ನನ್ನ ಮಗಳ ಕೈಯಾಗೇ ಬೆಳೆದಿದ್ದು ಅಂದೆ."

"ಎಲ್ಲಿ ಅಂತ ಕೇಳಲಿಲ್ವಾ ಸಾರ್?"

"ಕೇಳಿದ್ರು. ಹವಾ ಬದಲಾವಣೆಗೆ ಸಮುದ್ರಕ್ಕೆ ಕಳಿಸೀವಿ, ನೋಡ್ಕಳಾಕೆ ಅಂತ ಬಾಡಿಗೆಯೋರು ಜೊತೆಗೆ ಹೋಗ್ಯಾರೆ ಅಂದೆ. ಎಂಥಾ ದೊಡ್ಡ ಮನೆತನ ಅಂತ ಅವರಿಗೆ ಭಾಳ ಸಂತೋಷ ಆತು. ಮುಂದಿನ ವಾರ ಹುಡುಗ ನಾಯಿ ನೋಡಾಕೆ ಬರ್ತಾನೆ."

ನನಗೆ ಜೀವ ಬಂತು. "ಹಾಗಾದ್ರೆ ಅಗ್ರಿಮೆಂಟ್ ಸಾರ್?"

ಓನರ್ ತಮ್ಮ ಎಂದಿನ ಮೆಲುದನಿಗೆ ಇಳಿದರು. "ಅದೇ ಹೇಳಣ ಅಂತಿದ್ದೆ. ಮದುವೆಗೆ ನೆಂಟ್ರು ಬರ್ತಾರೆ, ಇಳಿಯಾಕೆ ಮ್ಯಾಲಿನ ಮನೆ ಬೇಕು. ನೀವು ತಿಂಗಳ ಕೊನೆಗೆ ಖಾಲಿ ಮಾಡ್ಕೊಡ್ರಿ." ನಂತರ ಗುಂಡನ ಕಡೆ ನೋಡಿ, "ನಾಯಿ ಇರ್ಲಿ, ತೊಂದ್ರೆ ಇಲ್ಲ" ಎಂದರು.

ಇಷ್ಟು ವರ್ಷ ಆ ಗೇಟಿನಲ್ಲಿ ತಲೆ ತಗ್ಗಿಸಿ ಓಡಾಡಿದ ನನ್ನ ಹೆಂಡತಿ ಬ್ಯಾಗು ಕೆಳಗಿಟ್ಟಳು.

"ಗುಂಡನ್ನ ಕೊಡೋಣ ಸಾರ್, ಬಾಡಿಗೆಗೆ," ಎಂದಳು. "ಹನ್ನೊಂದು ತಿಂಗಳ ಅಗ್ರಿಮೆಂಟ್. ಹತ್ತು ತಿಂಗಳ ಅಡ್ವಾನ್ಸ್. ವಾಪಸ್ ಕೊಡುವಾಗ ಸ್ನಾನದ ಖರ್ಚು ಅಡ್ವಾನ್ಸ್‌ನಲ್ಲಿ ಹಿಡ್ಕೋತೀವಿ. ನಮಗೆ ಬೇಕಾದಾಗ ನೀವು ಖಾಲಿ ಮಾಡಿಕೊಡಬೇಕು."

ಓನರ್ ತಲೆ ತಗ್ಗಿಸಿದರು. ಅವಳು ಕುಟುಕಿದ್ದು ಅವರಿಗೆ ನಾಟಿತು ಎಂದೇ ನಾನು ತಿಳಿದೆ. ಕೊನೆಗೆ ತಲೆ ಎತ್ತಿದಾಗ ಅವರ ಮುಖದಲ್ಲಿ ನಿಜವಾದ ನೋವಿತ್ತು.

"ಉಳಿದಿದ್ದೆಲ್ಲಾ ಸರಿ ಐತೆ ಕಣಮ್ಮ," ಎಂದರು. "ಹತ್ತು ತಿಂಗಳ ಅಡ್ವಾನ್ಸ್ ಅಂದ್ರೆ ಅನ್ಯಾಯ ಆಗಲ್ವಾ?"